ಭಾಸ್ಕರಾಚಾರ್ಯರ ನಿಲ್ಲದ ಚಕ್ರ



ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ಬ್ಯಾಟರಿ ಸ್ಕೂಟರು, ಕಾರುಗಳನ್ನು ನೀವು ನೋಡಿರುತ್ತೀರಿ. ಅವಕ್ಕೆ ಪೆಟ್ರೋಲ್ ಬೇಡ. ಆದರೆ ಬ್ಯಾಟರಿಗೆ ಆಗಾಗ ಚಾರ್ಜ್ ಮಾಡಲೇಬೇಕು. ಚಾರ್ಜೇ ಬೇಡದ ಕಾರು ಮಾಡುವುದು ಹೇಗೆ ಎಂದು ತರಗತಿಯಲ್ಲಿ ಕೇಳಿದರೆ ಬರುವ ಉಪಾಯಗಳು ಬಲು ಮಜವಾಗಿರುತ್ತವೆ.

ಮೊದಲನೆಯ ಉಪಾಯ: ಕಾರಿನ ತಲೆಯ ಮೇಲೆ ಒಂದು ಫ್ಯಾನ್ ಕೂರಿಸುವುದು. ಕಾರು ಓಡಿದಾಗ ಗಾಳಿ ಬೀಸುತ್ತದೆ, ಫ್ಯಾನ್ ತಿರುಗುತ್ತದೆ, ಕರೆಂಟ್ ಹುಟ್ಟುತ್ತದೆ, ಬ್ಯಾಟರಿ ತುಂಬುತ್ತದೆ. ಎರಡನೆಯದು: ನಾಲ್ಕೂ ಗಾಲಿಗಳಿಗೆ ಡೈನಮೋ ಕಟ್ಟುವುದು. ಮೂರನೆಯದು ಎಲ್ಲಕ್ಕಿಂತ ಸುಲಭ. ಕಬ್ಬಿಣದ ಕಾರಿನ ಮುಂದೆ ಒಂದು ಕೋಲು ಚಾಚಿ, ಅದರ ತುದಿಗೆ ದೊಡ್ಡ ಅಯಸ್ಕಾಂತ ತೂಗುಹಾಕುವುದು. ಅಯಸ್ಕಾಂತ ಕಾರನ್ನು ಎಳೆಯುತ್ತದೆ, ಕಾರು ಕೋಲನ್ನು ತಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಹೊರಟ ಕಾರು ಧಾರವಾಡ ದಾಟಿ, ಬೆಳಗಾವಿ ದಾಟಿ, ನಿಲ್ಲಿಸುವವರಿಲ್ಲದೆ ಓಡುತ್ತಲೇ ಇರುತ್ತದೆ!

ನಗು ಬಂತೇ? ನಗಿ, ತಪ್ಪೇನಿಲ್ಲ. ಆದರೆ ಇಂಥ ಉಪಾಯ ಹೇಳಿದ ಹುಡುಗ ಹುಡುಗಿಯರನ್ನು ದಡ್ಡರೆಂದು ಮಾತ್ರ ಕರೆಯಬೇಡಿ. ಸುಮಾರು 870 ವರ್ಷಗಳ ಹಿಂದೆ ತಾನೇ ತಿರುಗುವ ಒಂದು ಚಕ್ರದ ವಿವರವನ್ನು ಬರೆದಿಟ್ಟವರು ಯಾರು ಗೊತ್ತೇ? ಭಾರತದ ಅತಿ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದ ಭಾಸ್ಕರಾಚಾರ್ಯರು. ಅವರ ಬದುಕಿನ ಕಥೆಯನ್ನೂ ಆ ಚಕ್ರದ ಕಥೆಯನ್ನೂ ಈಗ ನೋಡೋಣ.

ಸಹ್ಯಾದ್ರಿಯ ಹತ್ತಿರದ ಊರು

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಇದು ಊಹೆಯಲ್ಲ. ತಾವು ಹುಟ್ಟಿದ ಶಕವರ್ಷ 1036 ಎಂದು ಅವರೇ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಕೂಡಿಸಿ ನೋಡಿ.

ತಮ್ಮ ಊರು ಸಹ್ಯಾದ್ರಿ ಬೆಟ್ಟಸಾಲಿನ ಹತ್ತಿರದ ವಿಜ್ಜಡವಿಡ ಎಂದೂ ಅವರು ಹೇಳಿದ್ದಾರೆ. ಹುಬ್ಬಳ್ಳಿಯಿಂದ ಸುಮಾರು 200 ಕಿ.ಮೀ. ದೂರದ ನಮ್ಮ ವಿಜಯಪುರವೇ ಆ ಊರು ಎಂದು ಹಲವು ವಿದ್ವಾಂಸರು ನಂಬುತ್ತಾರೆ. ಮಹಾರಾಷ್ಟ್ರದಲ್ಲಿ ಹುಡುಕುವವರೂ ಇದ್ದಾರೆ. ಅವರು ಹುಟ್ಟಿದಾಗ ವಿಜಯಪುರದ ಸೀಮೆಯನ್ನು ಆಳುತ್ತಿದ್ದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಬಸವಣ್ಣನವರು ಬಾಳಿದ್ದೂ ಇದೇ 12ನೆಯ ಶತಮಾನದಲ್ಲಿ.

ತಂದೆ ಮಹೇಶ್ವರರು ಜ್ಯೋತಿಷ ಮತ್ತು ಗಣಿತದಲ್ಲಿ ಪಂಡಿತರು. ಮಗನಿಗೆ ಅವರೇ ಗುರು. ಮನೆಯೇ ಶಾಲೆ. ಸೂರ್ಯ, ಚಂದ್ರ, ಗ್ರಹಗಳ ನಡೆಯನ್ನು ಲೆಕ್ಕ ಹಾಕುವುದು ಆ ಮನೆಯ ಕಸುಬಾಗಿತ್ತು.

ಮೂವತ್ತಾರರ ಹರೆಯದಲ್ಲಿ

1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ ಎಂಬ ಗ್ರಂಥವನ್ನು ಬರೆದು ಮುಗಿಸಿದರು. ಇದರಲ್ಲಿ ನಾಲ್ಕು ಭಾಗಗಳಿವೆ. ‘ಲೀಲಾವತಿ’ ಅಂಕಗಣಿತಕ್ಕೆ, ‘ಬೀಜಗಣಿತ’ ಹೆಸರೇ ಹೇಳುವ ಹಾಗೆ ಬೀಜಗಣಿತಕ್ಕೆ, ‘ಗ್ರಹಗಣಿತ’ ಗ್ರಹಗಳ ಲೆಕ್ಕಕ್ಕೆ, ‘ಗೋಲಾಧ್ಯಾಯ’ ಭೂಮಿ ಮತ್ತು ಆಕಾಶದ ಗೋಲಗಳ ವಿವರಣೆಗೆ.

ಲೀಲಾವತಿ ಎಂಬುದು ಅವರ ಮಗಳ ಹೆಸರು, ಮುತ್ತೊಂದು ಗಳಿಗೆ ಬಟ್ಟಲಿನ ತೂತಿಗೆ ಅಡ್ಡ ಬಿದ್ದು ಅವಳ ಮದುವೆಯ ಮುಹೂರ್ತ ತಪ್ಪಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಕಥೆ ಚೆನ್ನಾಗಿದೆ. ಆದರೆ ಭಾಸ್ಕರಾಚಾರ್ಯರ ಗ್ರಂಥದಲ್ಲಿ ಅದು ಇಲ್ಲ. ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ ಲೀಲಾವತಿಯನ್ನು ಪರ್ಷಿಯನ್ ಭಾಷೆಗೆ ಅನುವಾದಿಸಿದಾಗ ಈ ಕಥೆಯನ್ನು ಸೇರಿಸಿದ.

ಲೀಲಾವತಿಯ ಲೆಕ್ಕಗಳಲ್ಲಿ ದುಂಬಿ, ನವಿಲು, ಹಾವು, ತಾವರೆ ಎಲ್ಲ ಬರುತ್ತವೆ. ಒಂದು ಲೆಕ್ಕ ಹೀಗಿದೆ. 32 ಮೊಳ ಎತ್ತರದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿತು. ಬಿದಿರು ಎಷ್ಟು ಎತ್ತರದಲ್ಲಿ ಮುರಿಯಿತು? ಏಳನೆಯ ತರಗತಿಯವರು ಪೈಥಾಗೊರಸ್ ಪ್ರಮೇಯ ಬಳಸಿ ಬಿಡಿಸಬಹುದು. ಉತ್ತರ 12 ಮೊಳ ಬಂದರೆ ಸರಿ.

ಬೀಜಗಣಿತದಲ್ಲಿ ಇನ್ನೂ ಗಟ್ಟಿ ಲೆಕ್ಕವೊಂದಿದೆ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದಾಗ ಬರುವುದೂ ಒಂದು ಪೂರ್ಣವರ್ಗವಾಗಬೇಕು. ಅಂಥ ಅತಿ ಚಿಕ್ಕ ಸಂಖ್ಯೆ ಯಾವುದು? ಒಂದು, ಎರಡು, ಮೂರು ಎಂದು ಹುಡುಕುತ್ತ ಹೋದರೆ ಜೀವನವೇ ಸಾಲದು. ಏಕೆಂದರೆ ಉತ್ತರ 22,61,53,980! ಭಾಸ್ಕರಾಚಾರ್ಯರು ಇದನ್ನು ಕೆಲವೇ ಹೆಜ್ಜೆಗಳಲ್ಲಿ ಕಂಡುಹಿಡಿದರು. ಹಿಂದಿನವರಿಂದ ಬಂದಿದ್ದ ‘ಚಕ್ರವಾಳ’ ಎಂಬ ವಿಧಾನವನ್ನು ಅವರು ಚೊಕ್ಕಗೊಳಿಸಿದ್ದರು. ಮಾಡಿದ ಹೆಜ್ಜೆಗಳನ್ನೇ ಚಕ್ರದಂತೆ ಮತ್ತೆ ಮತ್ತೆ ಮಾಡುತ್ತ ಹೋದರೆ ಉತ್ತರ ತಾನಾಗಿ ಕೈಗೆ ಸಿಗುತ್ತದೆ. ಫ್ರಾನ್ಸಿನ ಫರ್ಮಾ ಎಂಬ ಗಣಿತಜ್ಞ ಇದೇ 61ರ ಲೆಕ್ಕವನ್ನು ಯುರೋಪಿನವರಿಗೆ ಸವಾಲಾಗಿ ಒಡ್ಡಿದ್ದು 1657ರಲ್ಲಿ. ಅಂದರೆ 500 ವರ್ಷಗಳ ನಂತರ.

ಹಿರಿಯರನ್ನೂ ತಿದ್ದಿದವರು

ಭಾಸ್ಕರಾಚಾರ್ಯರಿಗಿಂತ ಮೊದಲು ಲಲ್ಲ ಎಂಬ ಖಗೋಲಜ್ಞರಿದ್ದರು. ಬಹಳ ಗೌರವಸ್ಥರು. ಆದರೆ ಗೋಲದ ಮೇಲ್ಮೈಯ ಅಳತೆಗೆ ಅವರು ಕೊಟ್ಟ ಸೂತ್ರ ತಪ್ಪಾಗಿತ್ತು. ಹಿರಿಯರು ಹೇಳಿದ್ದಾರೆಂದು ಭಾಸ್ಕರಾಚಾರ್ಯರು ಸುಮ್ಮನಾಗಲಿಲ್ಲ. ಚೆಂಡಿನ ಮೇಲೆ ಬಲೆ ಹೊದಿಸಿದಂತೆ ಗೋಲದ ಮೇಲ್ಮೈಯನ್ನು ಕಲ್ಪಿಸಿಕೊಂಡರು. ಅದನ್ನು ಸಣ್ಣ ಸಣ್ಣ ತುಂಡುಗಳನ್ನಾಗಿ ವಿಂಗಡಿಸಿ ಲೆಕ್ಕ ಹಾಕಿದರು. ಚೆಂಡನ್ನು ಸರಿಯಾಗಿ ನಡುವೆ ಕೊಯ್ದರೆ ಒಂದು ವೃತ್ತ ಸಿಗುತ್ತದಲ್ಲವೇ? ಚೆಂಡಿನ ಇಡೀ ಮೇಲ್ಮೈ ಆ ವೃತ್ತದ ವಿಸ್ತೀರ್ಣದ ಸರಿಯಾಗಿ 4 ಪಟ್ಟು ಎಂದು ತೋರಿಸಿ, ಲಲ್ಲರ ತಪ್ಪನ್ನು ಬರೆದೇ ತಿಳಿಸಿದರು.

ಭೂಮಿಯನ್ನು ಯಾರೋ ಹೊತ್ತಿದ್ದಾರೆ ಎಂಬ ಮಾತನ್ನೂ ಅವರು ಒಪ್ಪಲಿಲ್ಲ. ಹೊತ್ತವರನ್ನು ಹೊತ್ತವರು ಯಾರು, ಅವರನ್ನು ಹೊತ್ತವರು ಯಾರು ಎಂಬ ಪ್ರಶ್ನೆಗೆ ಕೊನೆಯೇ ಇಲ್ಲವಲ್ಲ! ಭೂಮಿ ಯಾವ ಆಧಾರವೂ ಇಲ್ಲದೆ ನಿಂತಿದೆ, ಅದಕ್ಕೆ ಸೆಳೆಯುವ ಶಕ್ತಿ ಇದೆ, ಆ ಸೆಳೆತದಿಂದಲೇ ಭಾರವಾದ ವಸ್ತುಗಳು ಅದರತ್ತ ಬೀಳುತ್ತವೆ ಎಂದು ಗೋಲಾಧ್ಯಾಯದಲ್ಲಿ ಬರೆದರು.

ಪಾದರಸದ ಚಕ್ರ

ಅದೇ ಗೋಲಾಧ್ಯಾಯದಲ್ಲಿ ‘ಯಂತ್ರಾಧ್ಯಾಯ’ ಎಂಬ ಪ್ರಕರಣವಿದೆ. ಕಾಲ ಅಳೆಯುವ, ಆಕಾಶ ಅಳೆಯುವ ಸಾಧನಗಳ ವಿವರ ಅದರಲ್ಲಿದೆ. ಗಳಿಗೆ ಬಟ್ಟಲು ಅವುಗಳಲ್ಲೊಂದು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ, ಅಂದರೆ 24 ನಿಮಿಷ ಬೇಕು. ಆದರೆ ಮುಳುಗಿದ ಬಟ್ಟಲನ್ನು ಪ್ರತಿ ಸಲವೂ ಯಾರಾದರೂ ಎತ್ತಿ ಖಾಲಿ ಮಾಡಬೇಕು. ಆಕಾಶವೋ, ಯಾರೂ ಕೈ ಹಚ್ಚದೆ ಹಗಲೂ ರಾತ್ರಿ ತಿರುಗುತ್ತಲೇ ಇರುವಂತೆ ಕಾಣುತ್ತದೆ. ಅದರಂತೆ ತಾನೇ ತಿರುಗುವ ಯಂತ್ರವೊಂದು ಇದ್ದರೆ ಎಷ್ಟು ಚೆನ್ನ ಎಂಬ ಆಸೆ ಆಕಾಶ ನೋಡುವವರಿಗೆ ಹುಟ್ಟುವುದು ಸಹಜ. ಇಂಥದಕ್ಕೆ ‘ಸ್ವಯಂವಹ ಯಂತ್ರ’ ಎನ್ನುತ್ತಿದ್ದರು. 628ರಲ್ಲಿ ಗ್ರಂಥ ಬರೆದ ಬ್ರಹ್ಮಗುಪ್ತರೂ, ಅವರ ನಂತರ ಲಲ್ಲರೂ ಇದರ ಬಗ್ಗೆ ಹೇಳಿದ್ದರು.

ಭಾಸ್ಕರಾಚಾರ್ಯರು ಕೊಟ್ಟ ವಿವರ ಇದು. ಹಗುರ ಮರದ ಒಂದು ಚಕ್ರ. ಅದರ ಕಡ್ಡಿಗಳೆಲ್ಲ ಒಂದೇ ಅಳತೆಯ ಟೊಳ್ಳು ನಳಿಗೆಗಳು. ಎಲ್ಲ ನಳಿಗೆಗಳೂ ಒಂದೇ ಕಡೆಗೆ ಸ್ವಲ್ಪ ಬಾಗಿರಬೇಕು. ಪ್ರತಿ ನಳಿಗೆಯಲ್ಲೂ ಅರ್ಧದಷ್ಟು ಪಾದರಸ ತುಂಬಿ ಬಾಯಿ ಮುಚ್ಚಬೇಕು. ಚಕ್ರವನ್ನು ಎರಡು ಕಂಬಗಳ ನಡುವೆ ಅಚ್ಚಿನ ಮೇಲೆ ನಿಲ್ಲಿಸಬೇಕು. ಆಗ ಒಂದು ಬದಿಯ ಪಾದರಸ ಹೊರಗಿನ ಅಂಚಿಗೂ ಇನ್ನೊಂದು ಬದಿಯ ಪಾದರಸ ಅಚ್ಚಿನ ಹತ್ತಿರಕ್ಕೂ ಹರಿಯುತ್ತದೆ. ಅಂಚಿನಲ್ಲಿರುವ ಪಾದರಸ ಹೆಚ್ಚು ಜಗ್ಗುತ್ತದೆ. ಚಕ್ರ ತಾನೇ ತಿರುಗುತ್ತಿರುತ್ತದೆ.

ಓದಿದರೆ ನಿಜವೆನಿಸುತ್ತದೆ, ಅಲ್ಲವೇ? ಏತಪಾತದ ಹಲಗೆಯಲ್ಲಿ ತುದಿಗೆ ಕುಳಿತವರು ಹೆಚ್ಚು ಜಗ್ಗುತ್ತಾರೆಂದು ನಿಮಗೂ ಗೊತ್ತು. ಆದರೆ ಇಂದಿನವರೆಗೆ ಜಗತ್ತಿನ ಯಾರ ಕೈಯಲ್ಲೂ ಇಂಥ ಚಕ್ರ ನಿಲ್ಲದೆ ತಿರುಗಿಲ್ಲ.

ಏಕೆ ತಿರುಗುವುದಿಲ್ಲ?

ಏತಪಾತವನ್ನೇ ಮತ್ತೆ ನೆನಪಿಸಿಕೊಳ್ಳಿ. ಎಷ್ಟು ದೂರ ಕುಳಿತಿದ್ದಾರೆ ಎಂಬುದಷ್ಟೇ ಅಲ್ಲ, ಎಷ್ಟು ಜನ ಕುಳಿತಿದ್ದಾರೆ ಎಂಬುದೂ ಮುಖ್ಯ. ಚಕ್ರ ನಿಂತಿರುವ ಸ್ಥಿತಿಯ ಚಿತ್ರ ಬರೆದು ಎಣಿಸಿದರೆ ಗುಟ್ಟು ಗೊತ್ತಾಗುತ್ತದೆ. ಇಳಿಯುವ ಬದಿಯ ಪಾದರಸ ಅಚ್ಚಿನಿಂದ ದೂರವಿದೆ ನಿಜ. ಆದರೆ ಏರುವ ಬದಿಯಲ್ಲಿ ಪಾದರಸದ ಗುಂಪುಗಳು ಹೆಚ್ಚಿವೆ. ಸುಲಭದ ಅಂಕಿಗಳಲ್ಲಿ ಹೇಳುವುದಾದರೆ, ಈ ಕಡೆ 3 ಗುಂಪು, ದೂರ 4. ಆ ಕಡೆ 4 ಗುಂಪು, ದೂರ 3. ಗುಣಿಸಿ. ಎರಡೂ ಕಡೆ 12. ಚಕ್ರ ಯಾವ ಕಡೆಗೆ ತಿರುಗಬೇಕು?

ಇನ್ನೊಂದು ರೀತಿಯಲ್ಲೂ ನೋಡಬಹುದು. ಒಂದು ಸುತ್ತಿನಲ್ಲಿ ಪಾದರಸ ಎಷ್ಟು ಎತ್ತರದಿಂದ ಇಳಿಯುತ್ತದೋ ಅಷ್ಟೇ ಎತ್ತರಕ್ಕೆ ಮತ್ತೆ ಏರಬೇಕು. ಇಳಿದಾಗ ಸಿಕ್ಕ ಶಕ್ತಿ ಏರುವುದಕ್ಕೇ ಖರ್ಚಾಗುತ್ತದೆ. ಉಳಿತಾಯ ಸೊನ್ನೆ. ಅದರ ಮೇಲೆ ಅಚ್ಚಿನ ತಿಕ್ಕಾಟ, ಗಾಳಿಯ ತಡೆ, ಪಾದರಸದ ಕುಲುಕಾಟ. ಇವೆಲ್ಲ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಆದ್ದರಿಂದ ಕೈಯಿಂದ ತಿರುಗಿಸಿಬಿಟ್ಟ ಚಕ್ರ ಕೆಲವು ಸುತ್ತು ತಿರುಗಿ ನಿಲ್ಲುತ್ತದೆ.

ಈ ಲೆಕ್ಕ ಭಾಸ್ಕರಾಚಾರ್ಯರಿಗೆ ಏಕೆ ಹೊಳೆಯಲಿಲ್ಲ? ಶಕ್ತಿ ಎಂಬುದನ್ನು ಅಳೆಯಬಹುದು, ಅದನ್ನು ಹುಟ್ಟಿಸಲೂ ಆಗದು, ನಾಶಮಾಡಲೂ ಆಗದು, ರೂಪ ಬದಲಿಸಬಹುದು ಅಷ್ಟೇ ಎಂಬ ನಿಯಮ ಅವರ ಕಾಲಕ್ಕೆ ಇರಲಿಲ್ಲ. ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಜ್ ಮುಂತಾದ ವಿಜ್ಞಾನಿಗಳು ಅದನ್ನು ಸ್ಪಷ್ಟಪಡಿಸಿದ್ದು 1840ರ ದಶಕದಲ್ಲಿ. ಅಂದರೆ ಸಿದ್ಧಾಂತ ಶಿರೋಮಣಿ ಬರೆದು ಸುಮಾರು 700 ವರ್ಷಗಳಾದ ಮೇಲೆ. ಚೆಂಡಿನ ವಿಷಯದಲ್ಲಿ ಹಿರಿಯರ ಮಾತನ್ನು ತುಂಡು ತುಂಡಾಗಿಸಿ ಪರೀಕ್ಷಿಸಿದ ಭಾಸ್ಕರಾಚಾರ್ಯರು ಚಕ್ರದ ವಿಷಯದಲ್ಲಿ ಮಾತ್ರ ಹಿರಿಯರ ದಾರಿಯಲ್ಲೇ ನಡೆದರು.

ಈ ಆಸೆ ನಮ್ಮ ದೇಶದ್ದು ಮಾತ್ರವಲ್ಲ. 13ನೆಯ ಶತಮಾನದಲ್ಲಿ ಫ್ರಾನ್ಸಿನ ವಿಲಾರ್ ಎಂಬ ಕುಶಲಿಗ ಸುತ್ತಿಗೆಗಳನ್ನು ತೂಗುಹಾಕಿದ ಇಂಥದೇ ಚಕ್ರದ ಚಿತ್ರ ಬರೆದ. ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಇಂಥ ಚಕ್ರಗಳ ಚಿತ್ರ ಬರೆದು ನೋಡಿ, ಇದು ಆಗದ ಕೆಲಸವೆಂದು ಕೈಬಿಟ್ಟ. ‘ನಿಲ್ಲದ ಯಂತ್ರ’ ಕಂಡುಹಿಡಿದಿದ್ದೇವೆಂದು ಹೇಳಿಕೊಂಡು ಬರುವವರ ಕಾಟ ತಾಳಲಾರದೆ, ಅಂಥ ಯಾವ ಅರ್ಜಿಯನ್ನೂ ಇನ್ನು ಪರಿಶೀಲಿಸುವುದಿಲ್ಲ ಎಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ತೀರ್ಮಾನಿಸಿತು!

ಈಗ ನಮ್ಮ ಕಾರುಗಳಿಗೆ ಬರೋಣ

ಡೈನಮೋ ಕಾರಿನ ಲೆಕ್ಕವನ್ನು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯ ಲೆಕ್ಕದಂತೆ ಮಾಡಿ. ಸರಕು ಕೈ ಬದಲಾದಾಗಲೆಲ್ಲ ದಲಾಲಿ ಕೊಡಬೇಕಷ್ಟೆ. ಇಲ್ಲಿ ಪ್ರತಿ ಸಲ ನೂರಕ್ಕೆ ಹತ್ತು ದಲಾಲಿ ಎಂದಿಟ್ಟುಕೊಳ್ಳಿ. ಬ್ಯಾಟರಿ ಮೋಟಾರಿಗೆ 100 ಕೊಟ್ಟಿತು. ಮೋಟಾರು ಗಾಲಿಗೆ ಕೊಟ್ಟಿದ್ದು 90. ಡೈನಮೋ ಹುಟ್ಟಿಸಿದ್ದು 81. ಬ್ಯಾಟರಿಗೆ ಮರಳಿ ಸೇರಿದ್ದು ಸುಮಾರು 73. ಇನ್ನೊಂದು ಸುತ್ತು ಹೋದರೆ 53, ಮತ್ತೊಂದು ಸುತ್ತಿಗೆ 39. ಕಾರು ಒಂದು ಗೇಣೂ ಮುಂದೆ ಹೋಗದೆ, ಎಲ್ಲ ಶಕ್ತಿಯನ್ನೂ ಡೈನಮೋಗೇ ಕೊಟ್ಟರೂ ಇದು ಗತಿ! ಇನ್ನು ಐದು ಜನರನ್ನು ಕೂರಿಸಿಕೊಂಡು ಧಾರವಾಡ ಮುಟ್ಟುವುದು ಹೇಗೆ?

ಹಳೆಯ ಸೈಕಲ್ಲುಗಳಿಗೆ ದೀಪ ಉರಿಸುವ ಡೈನಮೋ ಇರುತ್ತಿತ್ತು. ಅದನ್ನು ಟೈರಿಗೆ ತಾಗಿಸಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತು. ನಿಮ್ಮ ಅಜ್ಜನನ್ನೋ ಅಪ್ಪನನ್ನೋ ಕೇಳಿ. ದೀಪದ ಬೆಳಕು ಅವರ ಕಾಲಿನ ಬಲದಿಂದ, ಆ ಬಲ ಅವರು ಉಂಡ ರೊಟ್ಟಿಯಿಂದ ಬಂದದ್ದು.

ತಲೆಯ ಮೇಲಿನ ಫ್ಯಾನ್ ಕಥೆಯೂ ಅಷ್ಟೇ. ಮೈದಾನದಲ್ಲಿ ಒಂದು ದೊಡ್ಡ ರಟ್ಟನ್ನು ಎದೆಗೆ ಅಡ್ಡ ಹಿಡಿದು ಓಡಿ ನೋಡಿ. ಗಾಳಿ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಫ್ಯಾನನ್ನು ತಿರುಗಿಸುವ ಗಾಳಿ ಕಾರನ್ನೂ ಹಾಗೆಯೇ ಹಿಂದಕ್ಕೆ ತಳ್ಳುತ್ತದೆ. ಅದನ್ನು ಮೀರಿ ಓಡಲು ಬ್ಯಾಟರಿ ಇನ್ನಷ್ಟು ಖರ್ಚು ಮಾಡಬೇಕು. ಫ್ಯಾನ್ ಕೊಡುವುದು ಆ ಖರ್ಚಿಗಿಂತ ಕಡಿಮೆ.

ಅಯಸ್ಕಾಂತದ ಕಾರೋ? ಬುಟ್ಟಿಯಲ್ಲಿ ಕುಳಿತು ಅದರ ಹಿಡಿಕೆಯನ್ನು ನೀವೇ ಮೇಲಕ್ಕೆ ಎತ್ತಿ ಆಕಾಶಕ್ಕೆ ಹಾರಲು ಸಾಧ್ಯವೇ? ಅಯಸ್ಕಾಂತ ಕಾರನ್ನು ಮುಂದಕ್ಕೆ ಎಷ್ಟು ಜಗ್ಗುತ್ತದೋ ಕಾರು ಅಯಸ್ಕಾಂತವನ್ನು ಹಿಂದಕ್ಕೆ ಅಷ್ಟೇ ಜಗ್ಗುತ್ತದೆ. ಎರಡನ್ನೂ ಒಂದೇ ಕೋಲಿಗೆ ಕಟ್ಟಿದ್ದರಿಂದ ಕಾರು ನಿಂತಲ್ಲೇ ನಿಲ್ಲುತ್ತದೆ.

ಹಾಗಾದರೆ ಎಂಜಿನಿಯರರು ಸುಮ್ಮನೆ ಕುಳಿತಿದ್ದಾರೆಯೇ? ಇಲ್ಲ. ಇಂದಿನ ಬ್ಯಾಟರಿ ಕಾರು ಬ್ರೇಕ್ ಹಾಕುವಾಗ ಅಥವಾ ಇಳಿಜಾರಿನಲ್ಲಿ ಇಳಿಯುವಾಗ ಅದರ ಮೋಟಾರೇ ಡೈನಮೋದಂತೆ ಕೆಲಸ ಮಾಡಿ, ಶಾಖವಾಗಿ ಹಾಳಾಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. 2001ರಲ್ಲಿ ರಸ್ತೆಗಿಳಿದ ‘ರೇವಾ’ ಎಂಬ ಪುಟ್ಟ ಬ್ಯಾಟರಿ ಕಾರು ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ. ಖರ್ಚು ಮಾಡಿದ್ದರಲ್ಲಿ ಸ್ವಲ್ಪ ಉಳಿಸಬಹುದು. ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಮರಳಿ ಪಡೆಯಲಾಗದು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಮಾಡಿ ನೋಡಿ

ಪಾದರಸ ವಿಷ. ಅದನ್ನು ಮುಟ್ಟಲೇಬೇಡಿ. ಬದಲಿಗೆ ಗಟ್ಟಿ ರಟ್ಟಿನ ಒಂದು ದುಂಡು ಬಿಲ್ಲೆ ಕತ್ತರಿಸಿ. ಎಳನೀರು ಕುಡಿಯುವ 6 ಅಥವಾ 8 ಕೊಳವೆ ತುಂಡುಗಳನ್ನು ಅದರ ಮೇಲೆ ಸಮದೂರದಲ್ಲಿ, ಎಲ್ಲವೂ ಒಂದೇ ಕಡೆಗೆ ಓರೆಯಾಗಿರುವಂತೆ ಅಂಟಿಸಿ. ಸೈಕಲ್ ಅಂಗಡಿಯಿಂದ ಸಣ್ಣ ಉಕ್ಕಿನ ಗುಂಡುಗಳನ್ನು ತಂದು ಪ್ರತಿ ಕೊಳವೆಗೆ ಒಂದೊಂದು ಹಾಕಿ ಬಾಯಿ ಮುಚ್ಚಿ. ಬಿಲ್ಲೆಯ ನಡುವೆ ತಂತಿ ತೂರಿಸಿ ಚಕ್ರದಂತೆ ನಿಲ್ಲಿಸಿ, ಒಮ್ಮೆ ತಿರುಗಿಸಿ. ಎಷ್ಟು ಸುತ್ತು ತಿರುಗಿತು? ಬರೆದುಕೊಳ್ಳಿ. ಈಗ ಗುಂಡುಗಳು ಅಲುಗದಂತೆ ಮೇಣದಿಂದ ಬಂಧಿಸಿ, ಅಷ್ಟೇ ಬಲದಿಂದ ಮತ್ತೆ ತಿರುಗಿಸಿ. ಎರಡನ್ನೂ ಐದೈದು ಸಲ ಮಾಡಿ ಹೋಲಿಸಿ. ಯಾವ ಚಕ್ರ ಬೇಗ ನಿಂತಿತು? ಏಕೆ? ಗುಂಡುಗಳು ಮಾಡುವ ಟಕಟಕ ಸದ್ದು ಎಲ್ಲಿಂದ ಬರುತ್ತದೆ ಎಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಸದ್ದಿಗೂ ಶಕ್ತಿ ಬೇಕಲ್ಲವೇ?

ಎಲ್ಲಕ್ಕಿಂತ ದೊಡ್ಡ ಯಂತ್ರ

ಭಾಸ್ಕರಾಚಾರ್ಯರು ಮುದಿತನದಲ್ಲೂ ಬರೆಯುವುದನ್ನು ಬಿಡಲಿಲ್ಲ. ಗ್ರಹಗಳ ಲೆಕ್ಕವನ್ನು ಸುಲಭಗೊಳಿಸುವ ‘ಕರಣ ಕುತೂಹಲ’ವನ್ನು ಅವರು ಬರೆದಿದ್ದು 1183ರಲ್ಲಿ, 69ನೆಯ ವಯಸ್ಸಿನಲ್ಲಿ. ಅವರ ಮೊಮ್ಮಗ ಚಾಂಗದೇವ ಯಾದವ ರಾಜ ಸಿಂಘಣನ ಆಸ್ಥಾನದಲ್ಲಿದ್ದ. ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಅವನು ಒಂದು ಮಠ, ಅಂದರೆ ಶಾಲೆ, ಕಟ್ಟಿಸಿದ. ಈ ಸಂಗತಿಯನ್ನು ಹೇಳುವ 1207ರ ಶಾಸನ ಮಹಾರಾಷ್ಟ್ರದ ಜಳಗಾವ್ ಜಿಲ್ಲೆಯಲ್ಲಿ ಸಿಕ್ಕಿದೆ. ಭಾರತ 1979 ಮತ್ತು 1981ರಲ್ಲಿ ಹಾರಿಬಿಟ್ಟ ಎರಡು ಉಪಗ್ರಹಗಳಿಗೂ ಭಾಸ್ಕರ ಎಂದೇ ಹೆಸರು.

ಇಷ್ಟು ದೊಡ್ಡವರ ಪುಸ್ತಕದಲ್ಲಿದೆ ಎಂದ ಮೇಲೆ ಆ ಚಕ್ರ ತಿರುಗಿಯೇ ತಿರುಗುತ್ತಿತ್ತು ಎಂದು ವಾದಿಸುವವರು ನಿಮಗೆ ಸಿಗಬಹುದು. ಚಾರ್ಜ್ ಬೇಡದ ಯಂತ್ರ ಮಾರುತ್ತೇವೆ ಎನ್ನುವವರೂ ಮೊಬೈಲಿನ ವಿಡಿಯೋಗಳಲ್ಲಿ ಸಿಗುತ್ತಾರೆ. ಅಂಥವರನ್ನು ನಂಬಿ ನಿಮ್ಮ ಮನೆಯವರು ಹಣ ಕೊಡುವ ಮೊದಲು ನೀವು ಎರಡು ಪ್ರಶ್ನೆ ಕೇಳಿ. ಶಕ್ತಿ ಎಲ್ಲಿಂದ ಬಂತು? ಎಲ್ಲಿಗೆ ಹೋಯಿತು? ಲೆಕ್ಕ ಕೂಡದಿದ್ದರೆ ಯಂತ್ರವೂ ಓಡದು. ಹೀಗೆ ಕೇಳುವುದು ಹಿರಿಯರಿಗೆ ಅಗೌರವವಲ್ಲ. ಲಲ್ಲರ ಸೂತ್ರವನ್ನು ತಿದ್ದಿದ ಭಾಸ್ಕರಾಚಾರ್ಯರು ಮಾಡಿದ್ದೂ ಅದನ್ನೇ.

ಕೊನೆಗೊಂದು ಮಾತು. ಪಾದರಸದ ಚಕ್ರವಿರುವ ಅದೇ ಯಂತ್ರಾಧ್ಯಾಯದಲ್ಲಿ ಅವರು ‘ಧೀಯಂತ್ರ’ ಎಂಬುದನ್ನೂ ವಿವರಿಸಿದ್ದಾರೆ. ಧೀ ಎಂದರೆ ಬುದ್ಧಿ. ಕೈಯಲ್ಲಿ ಒಂದು ಕೋಲು ಇದ್ದರೆ ಸಾಕು. ಅದರ ಗುಂಟ ಕಣ್ಣಿಟ್ಟು ದೂರದ ಬಿದಿರಿನ ಬುಡವನ್ನೂ ತುದಿಯನ್ನೂ ನೋಡಿ, ಅದರ ದೂರ, ಎತ್ತರ ಎರಡನ್ನೂ ಲೆಕ್ಕ ಹಾಕಬಹುದು. ಯಂತ್ರಗಳಲ್ಲೆಲ್ಲ ಬುದ್ಧಿಯೇ ದೊಡ್ಡದು ಎಂಬುದು ಅವರ ಅಭಿಪ್ರಾಯವಾಗಿತ್ತು. ನಾಳೆ ಶಾಲೆಗೆ ಒಂದು ಕೋಲು ತನ್ನಿ. ಅಂಗಳದ ಧ್ವಜಸ್ತಂಭದ ಎತ್ತರವನ್ನು ಅದನ್ನು ಹತ್ತದೆಯೇ ಹೇಗೆ ಅಳೆಯುವುದೆಂದು ಗೆಳೆಯರೊಡನೆ ಕೂಡಿ ಯೋಚಿಸಿ.